ಬೆಂಗಳೂರಿನಲ್ಲಿ ಕೊಂಡ ಬಾಂಬೆ ಬಟ್ಟೆ

ಬೆಂಗಳೂರೆಂದರೆ ನನಗೆ ಈಗಲೂ ಆಗದು. ಊರಿನ ತಪ್ಪು ಅಷ್ಟೇನಿಲ್ಲ. ಆದರೂ ಮೊದಲು ಊರನ್ನೇ ಬೈಯುತ್ತೇನೆ. ನನ್ನ ಸರದಿ ಹೇಗೂ ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ನಾನು ಗುಮಾಸ್ತ. ನೇಯ್ದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವ ವಿಭಾಗದಲ್ಲಿ ನನ್ನ ಮೇಜು. ಹಾಗೆ ಪರೀಕ್ಷಿಸುತ್ತಿದ್ದವರಲ್ಲಿ ಒಬ್ಬ ನನ್ನ ಗೆಳೆಯ. ಮುಸಲ್ಮಾನರವನು, ಅಜ್ಜನ ಕಾಲದಿಂದ ಮಗ್ಗದ ಮನೆತನ. ಇನ್ನೊಬ್ಬ ಗೆಳೆಯ ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮಿಬ್ಬರಿಗಿಂತ ಒಳ್ಳೆಯ ಸಂಬಳ, ಅದಕ್ಕೆ ತಕ್ಕ ಜಂಬ. ನನ್ನ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಷರಟಿನ ಬಟ್ಟೆಯನ್ನು ರಾಜಧಾನಿಯಲ್ಲೇ ಕೊಳ್ಳಬೇಕೆಂದು ನನ್ನ ಹಟ. ಹಾಗೇ ಊರೂ ನೋಡಿದಂತಾಯಿತು ಎಂದು ಮೂವರೂ ರೈಲು ಹತ್ತಿದೆವು. ಗಿರಣಿ ಊರಿನವನು ಬಟ್ಟೆಗಾಗಿ ಬೆಂಗಳೂರಿಗೆ ಹೊರಟ ಚಂದ ನೋಡಿ!

ವಿಧಾನಸೌಧವನ್ನು ಗೇಟಿನ ಹೊರಗಿನಿಂದ ನೋಡಿದೆವು. ಕತ್ತೆತ್ತಿ ನೋಡುತ್ತಿರುವಾಗಲೇ ಪೊಲೀಸಿನವನು ದನ ಅಟ್ಟುವಂತೆ ಅಟ್ಟಿದ. ಕಬ್ಬನ್ ಪಾರ್ಕಿನಲ್ಲಿ ಕೂರೋಣವೆಂದರೆ ಮರದ ಬುಡವೆಲ್ಲ ಉಚ್ಚೆಯ ನಾತ. ಹೋಟೆಲಿನಲ್ಲಿ ದೋಸೆಗೆ ಬೆಣ್ಣೆ ಕೇಳಿದ್ದಕ್ಕೆ ಮಾಣಿ ಹಲ್ಲು ಬಿಟ್ಟ. ಸಾಂಬಾರಿನಲ್ಲಿ ಬೆಲ್ಲ, ಲೋಟದ ಅಂಚಿನಲ್ಲಿ ಯಾರದೋ ಎಲೆಅಡಿಕೆಯ ಕೆಂಪು ಕಲೆ. ಮಾರ್ಕೆಟ್ಟಿನ ಹಿಂದೆ ಕೊಳೆತ ಕೋಸಿನ ರಾಶಿ ದಾಟುವಾಗ ನನ್ನ ಹೊಸ ಚಪ್ಪಲಿ ಏನೋ ಮೆತ್ತನೆಯದರಲ್ಲಿ ಹೂತುಹೋಯಿತು. ಏನೆಂದು ನೋಡಲಿಲ್ಲ.

"ಇದೆಂಥಾ ಕ್ಯಾಪಿಟಲ್ಲೋ ಮಾರಾಯ, ನಮ್ಮ ಹರಿಹರದ ಸಂತೀನೇ ವಾಸಿ ಐತೆ," ಎಂದು ಫಿಟ್ಟರ್ ಮೂಗು ಮುಚ್ಚಿಕೊಂಡ.

ಅಲ್ಲಿಂದ ಚಿಕ್ಕಪೇಟೆಯ ಒಂದು ಅಂಗಡಿಗೆ ಹೋದೆವು. ಗಾಜಿನ ಬಾಗಿಲು, ತಲೆಯ ಮೇಲೆ ನಾಲ್ಕು ಫ್ಯಾನು. ಪಕ್ಕದಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಬಟ್ಟೆ ಆರಿಸುತ್ತಿದ್ದರು. ಮಾಲೀಕ ತಿಳಿನೀಲಿ ಬಟ್ಟೆಯೊಂದನ್ನು ನಮ್ಮ ಮುಂದೆ ಬಿಚ್ಚಿದ. "ಬಾಂಬೆ ಮಾಲು ಸಾರ್, ಫ್ರೆಶ್. ನಿಮ್ಮ ಕಡೆಯೆಲ್ಲ ಸಿಗಲ್ಲ."

ಗಿರಣಿಯ ಗೆಳೆಯ ಅಭ್ಯಾಸಬಲದಿಂದ ಅದನ್ನು ಬೆಳಕಿಗೆ ಹಿಡಿದ, ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದ, ಒಂದು ಕಡೆ ಬೆರಳು ನಿಲ್ಲಿಸಿದ. ಅಲ್ಲೊಂದು ಕೆಂಪು ದಾರದ ತುಣುಕಿತ್ತು. ಎಳೆ ತಪ್ಪಿದ ಕಡೆ ಗುರುತಿಗೆಂದು ನಮ್ಮ ವಿಭಾಗದಲ್ಲಿ ಅಂಚಿಗೆ ಕೆಂಪು ದಾರ ಕಟ್ಟುತ್ತಿದ್ದರು. ಅಂಥ ಬಟ್ಟೆ ಸೆಕೆಂಡ್ಸ್ ಎಂದು ಅಗ್ಗಕ್ಕೆ ಹೋಗುತ್ತಿತ್ತು. ಗಂಟು ಒಬ್ಬೊಬ್ಬರದು ಒಂದೊಂದು ಥರ. ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ತೂರಿಸುತ್ತಿದ್ದವನು ಇವನೊಬ್ಬನೇ.

"ಇದು ನಮ್ಮ ದಾವಣಗೆರಿ ಮಾಲು ಐತ್ರಿ. ಸೆಕೆಂಡ್ಸು. ಈ ಗಂಟು ನಂದೇ!" ಎಂದ. ಜಗಳದ ದನಿಯಲ್ಲ. ಅಷ್ಟು ದೂರ ಬಂದು ತನ್ನ ಕೈಕೆಲಸ ಕಂಡಿತಲ್ಲ ಎಂಬ ಖುಷಿ.

ಮಾಲೀಕ ಬಟ್ಟೆ ಕಿತ್ತುಕೊಂಡ. "ರೇಟು ಇಳಿಸೋಕೆ ಜೇಬಲ್ಲಿ ದಾರ ಇಟ್ಕೊಂಡು ಬರ್ತೀಯೇನೋ? ಇಂಥ ಕಳ್ಳರನ್ನ ದಿನಾ ನೋಡ್ತೀನಿ."

ಅಂಗಡಿಯೆಲ್ಲ ನಮ್ಮತ್ತ ತಿರುಗಿತು. ಗೆಳೆಯ ನನ್ನ ತೋಳು ಹಿಡಿದು, "ನೀನಾರ ಹೇಳೋ, ನಮ್ಮ ಗಿರಣೀದು ಹೌದಲ್ಲೋ?" ಎಂದ.

ಹೌದು. ಆ ಗಂಟನ್ನು ಮೂರು ವರ್ಷ ದಿನಾ ನೋಡಿದ್ದೆ. ಅವನು ಚಾ ಕುಡಿಯಲು ಹೋದಾಗ ಬೇಸರ ಕಳೆಯಲು ನಾನೂ ಕಟ್ಟಿ ಬಿಚ್ಚಿ ಆಡಿದ್ದುಂಟು. ಒಂದೇ ಒಂದು ಹೌದು ಸಾಕಿತ್ತು. ಆದರೆ ಆ ಹುಡುಗಿಯರು ನೋಡುತ್ತಿದ್ದರು.

"ನಂಗೆ ಗೊತ್ತಿಲ್ಲ ಸಾರ್," ಎಂದೆ. ಅದನ್ನೂ ಬೆಂಗಳೂರಿನವರ ಹಾಗೆ ನಾಜೂಕು ಮಾಡಿಕೊಂಡು ಹೇಳಿದೆ. ಅಂಗಡಿಯ ಆಳು ಗೆಳೆಯನ ಹೆಗಲಿಗೆ ಕೈ ಹಾಕಿ ಮೆಟ್ಟಿಲಿಳಿಸಿದ. ನಾವು ಮರ್ಯಾದಸ್ಥರೆಂದು ತೋರಿಸಲು ನಾನು ಅದೇ ಬಟ್ಟೆಯನ್ನು ಚೌಕಾಸಿ ಇಲ್ಲದೆ ಕೊಂಡೆ. ಫಿಟ್ಟರ್ ಚಲೋ ಪೀಸು ಎಂದು ಹೊಗಳಿದ. ಥೂ, ನಮ್ಮ ಜನ್ಮಕ್ಕಿಷ್ಟು!

ಸಂಜೆಯ ರೈಲಿನಲ್ಲಿ ಫಿಟ್ಟರ್ ಬಾಯಿ ತೆರೆದು ನಿದ್ದೆ ಹೋದ. ಗೆಳೆಯ ಬೈಯುತ್ತಾನೆಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತುಮಕೂರು ದಾಟಿದ ಮೇಲೆ ಅವನೇ ನನ್ನ ಹತ್ತಿರ ಸರಿದು ಕೂತ.

"ತಪ್ಪು ನಂದೇ ಬಿಡೋ. ನೀ ಬರೆಯೋ ಕೆಲಸದಾನು, ಬಟ್ಟೆ ಮುಟ್ಟಾನಲ್ಲ. ನಿಂಗೆ ಹೆಂಗೆ ಗುರ್ತು ಸಿಗಬೇಕು? ಸುಮ್ನೆ ನಿನ್ನ ಇಕ್ಕಟ್ಟಿಗೆ ಹಾಕಿದೆ."

ಹೆಗಲ ಮೇಲಿನ ಟವೆಲ್ಲನ್ನು ನನ್ನ ಮಡಿಲಿನ ಪೊಟ್ಟಣದ ಮೇಲೆಯೇ ಹರಡಿ, ಅಂಚಿನಿಂದ ಒಂದು ಎಳೆ ಕಿತ್ತು, ಎರಡು ಸುತ್ತು ಸುತ್ತಿ ತುದಿ ತೂರಿಸುವುದನ್ನು ನಿಧಾನವಾಗಿ ತೋರಿಸಿದ. "ಈಗ ನೀ ಕಟ್ಟು, ನೋಡಾಣ."

ಬೆರಳಿಗೆ ಆ ಗಂಟು ತಾನಾಗಿಯೇ ಬರುತ್ತಿತ್ತು. ತಡೆದು, ಬೇಕೆಂದೇ ತಪ್ಪಾಗಿ ಕಟ್ಟಿದೆ. ಅವನು ಅದನ್ನು ಬಿಚ್ಚಿ, ಒಂದಿಷ್ಟೂ ಬೇಸರವಿಲ್ಲದೆ ನನ್ನ ಬೆರಳು ಹಿಡಿದು, ಮತ್ತೆ ಮೊದಲಿನಿಂದ ಹೇಳಿಕೊಟ್ಟ.