ಕುಂಟೆಬಿಲ್ಲೆಯಲ್ಲಿ ಒತ್ತಕ್ಷರ

ನಾನು ಬಾಯಿ ತೆರೆದ ಕೂಡಲೇ ಇಡೀ ಎರಡನೇ ತರಗತಿ ಗೊಳ್ಳೆಂದು ನಕ್ಕಿತು. ನಾನು ಹೇಳಿದ್ದು ಇಷ್ಟೇ: "ಎಲ್ಲಾರೂ ಸುಮ್ಮ ಕುಂದರ್ರಿ." ವಿಜಯಪುರದಲ್ಲಿ ಹುಟ್ಟಿ ಬೆಳೆದು, ಕನ್ನಡ ಕಲಿಸಲೆಂದೇ ಹಳೇಬೀಡಿಗೆ ಬಂದವಳಿಗೆ ಕನ್ನಡವೇ ಪರದೇಶವಾಯಿತು.

ಇಲ್ಲಿ ನನ್ನ 'ಐತಿ' ತಮಾಷೆ, ಅವರ 'ಐತೆ' ಸರಿ. ಅಲ್ಲಿ ಜೋಳದ ಕಟಕು ರೊಟ್ಟಿ ಕಡಿದು ತಿಂದವಳು ಇಲ್ಲಿ ರಾಗಿಮುದ್ದೆಯನ್ನು ಅಗಿಯದೆ ನುಂಗಬೇಕು. ಬಾಡಿಗೆ ಮನೆಯ ಓನರಮ್ಮ ಎದುರು ಕೂತೇ ಕಲಿಸಿದರು. ಸಂಜೆ ಅರಸೀಕೆರೆ ಬಸ್ಸು ಹೊರಟಾಗ ಹತ್ತಿಬಿಡೋಣ ಅನಿಸುತ್ತಿತ್ತು. ಅಲ್ಲಿಂದ ನಮ್ಮ ಕಡೆಗೆ ರೈಲಿದೆ. ಆದರೆ ನಾನು ಹಟಮಾರಿ.

ಆ ಹಟವೆಲ್ಲ ಭವ್ಯಾಳ ಕಡೆಗೆ ತಿರುಗಿತು. ಬಸ್ತಿಹಳ್ಳಿಯಿಂದ ನನ್ನ ತರಗತಿಗೆ ಬರುವ ಈ ಹುಡುಗಿ ಚುರುಕು, ಆದರೆ ಒತ್ತಕ್ಷರ ಬಂದರೆ ಬಾಯಿಗೆ ಬೀಗ. 'ಚಕ್ರ' ಅವಳಿಗೆ 'ಚಕ'. ಬೆರೆತ ಎರಡು ದನಿ ಅವಳ ಕಿವಿಗೆ ಒಂದೇ ಆಗಿ ಬೀಳುತ್ತಿತ್ತು. ನಾನು ಜೋರಾಗಿ ಹೇಳಿದಷ್ಟೂ ಅವಳು ಮುದುಡುತ್ತಿದ್ದಳು. ಒಂದು ದಿನ ಅವಳಮ್ಮ ಬಂದು, ಓದು ಹತ್ತದಿದ್ದರೆ ಬೇಸಿಗೆ ರಜೆಯ ನಂತರ ಅವಳನ್ನು ಗೆಂಡೆಹಳ್ಳಿಯ ಸೋದರತ್ತೆ ಮನೆಯಲ್ಲಿಟ್ಟು ಅಲ್ಲಿನ ಶಾಲೆಗೆ ಸೇರಿಸುವುದಾಗಿ ಹೇಳಿದರು. ಭವ್ಯಾ ಅಮ್ಮನ ಸೆರಗು ಬಿಡಲಿಲ್ಲ. ಊರು ಬಿಟ್ಟು ಬಂದ ನನಗೆ ಅದನ್ನು ನೋಡಲಾಗಲಿಲ್ಲ.

ಆದರೆ ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ. ಒಂಟಿ ಮನೆಗೆ ಒಂಟಿಕಾಲು, ಜೋಡಿ ಮನೆಗೆ ಎರಡೂ ಕಾಲು ಒಟ್ಟಿಗೆ. ನೋಡುತ್ತ ನಿಂತವಳಿಗೆ ತಟ್ಟನೆ ಹೊಳೆಯಿತು. ಸೀಮೆಸುಣ್ಣದಲ್ಲಿ ಒಂಟಿ ಮನೆಗೆ 'ಚ', ಜೋಡಿ ಮನೆಗೆ 'ಕ್' ಮತ್ತು 'ರ' ಬರೆದೆ. ಮೊದಲು ಒಂದೊಂದೇ ಕಾಲೂರಿ ಒಂದೊಂದೇ ದನಿ. ಆಮೇಲೆ ಎರಡೂ ಒಟ್ಟಿಗೆ. "ಚ... ಕ್ರ" ಎನ್ನುತ್ತ ಧೊಪ್ಪನೆ ಇಳಿದಳು. ಕೆಲವೇ ದಿನಗಳಲ್ಲಿ ಇಡೀ ತರಗತಿ ಕುಣಿಯುತ್ತ ಓದುತ್ತಿತ್ತು.

ಪೋಷಕರ ಸಭೆಯ ದಿನ ಅವಳಮ್ಮನ ಎದುರೇ 'ವಸ್ತ್ರ' ಬರೆದೆ. ಬೆರೆತ ದನಿ ಮೂರು, ಅಕ್ಕಪಕ್ಕ ಮನೆಯೂ ಮೂರು, ಕಾಲು ಮಾತ್ರ ಎರಡೇ. ಭವ್ಯಾ ಅರೆಗಳಿಗೆ ನಿಂತಳು. ಆಮೇಲೆ ಹಾರಿ, ಎರಡು ಮನೆಗೆ ಕಾಲೂರಿ, ಮೂರನೆಯದಕ್ಕೆ ಅಂಗೈ ಊರಿ, ತೊದಲದೆ "ವಸ್ತ್ರ" ಎಂದಳು. ಅದು ನಾನು ಕಲಿಸಿದ್ದಲ್ಲ. ಅಂಗಳದ ತುಂಬ ಚಪ್ಪಾಳೆ. ನನಗಂತೂ ನಮ್ಮೂರ ಗೋಳಗುಮ್ಮಟ ಹತ್ತಿ ಕೂಗಿ ಹೇಳಬೇಕೆನ್ನುವಷ್ಟು ಹಿಗ್ಗು.

"ಇವಳನ್ನ ಎಲ್ಲಿಗೂ ಕಳ್ಸಲ್ಲ ಕಣ್ರೀ ಮೇಡಂ," ಎಂದರು ಅವಳಮ್ಮ. "ನೀವೂ ಎಲ್ಲೂ ಹೋಗ್ಬೇಡಿ."

ಊರ ಕಡೆಗೆ ವರ್ಗ ಕೇಳಿ ನಾನು ಅರ್ಜಿ ಹಾಕಿರುವುದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಹಿಂದಕ್ಕೆ ಪಡೆಯುವಷ್ಟು ಇಲ್ಲಿಯವಳಾಗಿಲ್ಲ ನಾನು. ಆದರೆ ಅದು ಮಂಜೂರಾಗದಿರಲಿ ಎಂದು ಬೇಡಿಕೊಳ್ಳುವಷ್ಟು ಆಗಿಬಿಟ್ಟಿದ್ದೇನೆ.