ಸಪ್ಪೆ ಊಟಕ್ಕೆ ಜೊತೆಯಾದವರು

ತೋಳಿಗೆ ಬಿ.ಪಿ. ಪಟ್ಟಿ ಸುತ್ತುವ ಮೊದಲು ಡಾಕ್ಟರಬಾಯಿ, ಅಂದರೆ ನಮ್ಮ ಲೇಡಿ ಡಾಕ್ಟರು, ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ಮಗ್ಗಗಳ ಸದ್ದಿಗೆ ಎಲ್ಲರದೂ ಕೂಗಿ ಮಾತಾಡುವ ರೂಢಿ. ಅವರು ಮಾತ್ರ ಹತ್ತಿರ ಬಾಗಿ ಮೆಲ್ಲಗೆ ಕೇಳುತ್ತಿದ್ದರು.

ನಾನು ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವಳು. ಪ್ರತಿ ಭರಣಿಯ ಉಪ್ಪು ನೋಡುವುದು ನನ್ನ ನಾಲಿಗೆಯ ಕೆಲಸ. ಬಿ.ಪಿ. ಏರಿದಾಗ ಮೊದಲು ತೋರಿಸಿದ ಬೇರೊಬ್ಬ ಡಾಕ್ಟರು, "ಉಪ್ಪ ಬಿಡ್ರಿ, ನಡೀರಿ, ಚಿಂತಿ ಮಾಡಬ್ಯಾಡ್ರಿ," ಎಂದು ಗುಳಿಗೆ ಬರೆದುಕೊಟ್ಟಿದ್ದರು. ಉಪ್ಪು ಬಿಟ್ಟರೆ ಧಂದೆಯನ್ನೇ ಬಿಟ್ಟಂತೆ. ಗುಳಿಗೆ ನುಂಗಿದೆ, ಉಳಿದ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿ.ಪಿ. ಇಳಿಯಲಿಲ್ಲ. ತವರೂರು ಉದಗಾಂವದಲ್ಲಿ ನನ್ನಪ್ಪ ಇದೇ ವಯಸ್ಸಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಆ ಭಯಕ್ಕೇ ಡಾಕ್ಟರಬಾಯಿಯ ಬಳಿ ಹೋದೆ.

"ಮುಂಜಾನೆ ಎದ್ದಕೂಡ್ಲೆ ಏನ ಮಾಡ್ತೀರಿ? ಅಲ್ಲಿಂದ ಹೇಳ್ರಿ," ಅಂದರು. ಎಲ್ಲ ಕೇಳಿಸಿಕೊಂಡರು. ಸಾಲದೆಂದು ರವಿವಾರ ಮನೆಗೇ ಬಂದು, ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ನನ್ನ ಕೆಲಸ ನೋಡಿದರು.

"ರುಚಿ ನೋಡ್ರಿ, ಆದ್ರ ನುಂಗಬ್ಯಾಡ್ರಿ. ಉಗುಳಿ ಬಾಯಿ ಮುಕ್ಕಳಸ್ರಿ. ಊಟದಾಗ ಹಸಿ ಮೆಣಸಿನಕಾಯಿ ಖರ್ಡಾ, ಹಪ್ಪಳ ಎರಡೂ ಯಾಕ?"

"ಅವಿಲ್ದ ಜ್ವಾಳದ ಭಾಕರಿ ಇಳಿಯೂದಿಲ್ರಿ."

"ಹಂಗಾರ ಹಪ್ಪಳ ಬಿಡ್ರಿ. ಖರ್ಡಾಕ್ಕ ಲಿಂಬಿ ಹಿಂಡ್ರಿ, ಉಪ್ಪ ಅರ್ಧಾ ಹಾಕ್ರಿ."

"ನಡ್ಯಾಕ ವ್ಯಾಳ್ಯಾ ಎಲ್ಲೈತ್ರಿ?"

"ದಿನಾ ದರ್ಶನಕ್ಕ ಬಸ್ತಿಗೆ ರಿಕ್ಷಾದಾಗ ಹೋಗ್ತೀರಲ್ಲ, ನಡಕೊಂಡ ಹೋಗ್ರಿ. ದೇವರೇನ ಓಡಿ ಹೋಗೂದಿಲ್ಲ."

ಮೊದಮೊದಲು ಊಟ ಮಣ್ಣೆನಿಸಿತು. ಒಂದು ದಿನ ಸಿಟ್ಟಿನಿಂದ ತಾಟು ಸರಿಸಿ ಫೋನು ಮಾಡಿದೆ: "ನನ್ನ ಕೈಲೆ ಆಗೂದಿಲ್ರಿ."

"ನಾಳಿ ನಿಮ್ಮ ಮನಿಗೆ ಉಣ್ಣಾಕ ಬರ್ತೇನಿ," ಅಂದರು.

ಬಂದರು. ಬೇರೆ ಅಡುಗೆ ಮಾಡಗೊಡಲಿಲ್ಲ. ನನ್ನ ಪಕ್ಕ ಕೂತು ಅದೇ ಸಪ್ಪೆ ಪಲ್ಯ ಉಂಡು, ಇನ್ನೊಂದು ಭಾಕರಿ ಕೇಳಿ ಹಾಕಿಸಿಕೊಂಡರು. ಆಮೇಲೆ ತಾಟು ಸರಿಸಲು ನನಗೆ ಮುಖವೆಲ್ಲಿತ್ತು?

ಕೆಲವು ತಿಂಗಳಲ್ಲಿ ನಾಲಿಗೆ ಮೊದಲಿಗಿಂತ ಚುರುಕಾಯಿತು, ಚಿಟಿಕೆ ಉಪ್ಪು ಹೆಚ್ಚಾದರೂ ತಿಳಿಯತೊಡಗಿತು. ಬಿ.ಪಿ. ಇಳಿಯಿತು. ಡಾಕ್ಟರಬಾಯಿ ತಾವೇ ಪರೀಕ್ಷಿಸಿ ಗುಳಿಗೆ ಕಡಿಮೆ ಮಾಡಿದರು.

ಈಗ ಅವರು ತಮ್ಮೂರು ಗಡಹಿಂಗ್ಲಜದಲ್ಲಿ ದವಾಖಾನೆ ತೆರೆದಿದ್ದಾರೆ. ಹೋದ ತಿಂಗಳು ಹೋಗಿ, "ನಿಮ್ಮಿಂದ ನಾ ಉಳದೇನ್ರಿ," ಅಂದೆ.

"ನಾ ಏನ ಮಾಡೇನ್ರಿ? ನಡದಾವರು ನೀವು, ಸಪ್ಪಗ ಉಂಡಾವರೂ ನೀವು."

ನಾನು ಬಾಗಿ ಕಾಲು ಮುಟ್ಟಿದೆ. ನನ್ನ ತಂಗಿಗಿಂತ ಚಿಕ್ಕವರು, "ಅಯ್ಯ, ಏನ ಮಾಡ್ತೀರಿ ಅಕ್ಕಾ!" ಎಂದು ಗಾಬರಿಯಾಗಿ ಹಿಂದೆ ಸರಿದರು. ಅಷ್ಟರಲ್ಲಿ ನಾನು ಮುಟ್ಟಿಯಾಗಿತ್ತು.