ಲೂರ್ದತ್ತೆಯ ಚಿವುಟು

ರಿಪ್ಪನ್‌ಪೇಟೆಯ ನಮ್ಮ ಚರ್ಚಿನಲ್ಲಿ ಲೂರ್ದತ್ತೆಯಿಂದ ಚಿವುಟಿಸಿಕೊಳ್ಳದವರು ಸಿಗುವುದು ಕಷ್ಟ. ಪೂಜೆಯ ನಡುವೆ ಫಾದರ್ ಪರಮಪ್ರಸಾದವನ್ನು, ಯೇಸುವಿನ ದೇಹವೆಂದು ನಾವು ನಂಬುವ ಆ ತೆಳು ರೊಟ್ಟಿಯನ್ನು, ಎತ್ತಿ ಹಿಡಿದಾಗ ಸಣ್ಣ ಗಂಟೆ ಬಾರಿಸುತ್ತಾರೆ. ಆಗ ಎಲ್ಲರೂ ಮೊಣಕಾಲೂರಬೇಕು. ಊರದೆ ನಿಂತವರ, ಮೊಬೈಲ್ ನೋಡುವವರ ತೋಳಿಗೆ ಹಿಂದಿನಿಂದ ಅತ್ತೆಯ ಉಗುರು ಬೀಳುತ್ತಿತ್ತು. ನನಗೂ ಬಿದ್ದಿದೆ, ಮದುವೆಯಾಗಿ ಎರಡು ಮಕ್ಕಳಾದ ಮೇಲೂ.

ಅತ್ತೆ ಎಂದರೆ ಸಂಬಂಧದಲ್ಲಿ ಅತ್ತೆಯಲ್ಲ, ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ ಅಡಿಕೆ ಸುಲಿಯಲು ಹೋಗಿ ಮಗಳನ್ನು ಓದಿಸಿದಳು. ಶನಿವಾರ ಮಧ್ಯಾಹ್ನ ಚರ್ಚು ಗುಡಿಸಿ ಒರೆಸುವುದು ಅವಳ ಪಾಲಿನ ಸೇವೆ. ಪ್ರಾರ್ಥನೆಗಳು ಅವಳಿಗೆ ಅರ್ಧಂಬರ್ಧ ಬರುತ್ತಿದ್ದವು. ಆದರೆ ಆ ಗಂಟೆ ಬಾರಿಸಿದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ದೇವರು ನಿಜವಾಗಿ ಎದುರಿಗೆ ಬಂದಿದ್ದಾನೆಂದು ನಂಬಿದವರನ್ನು ನಾನು ಕಂಡಿದ್ದರೆ ಅದು ಇವಳೊಬ್ಬಳನ್ನೇ.

ಒಂದು ಮದುವೆಯಲ್ಲಿ ಗಂಟೆಯ ಹೊತ್ತಿಗೇ ವಿಡಿಯೋದವನು ಪೀಠದ ಮೆಟ್ಟಿಲು ಹತ್ತಿದ. ಅತ್ತೆ ಹಿಂದೆಯೇ ಹೋಗಿ ಚಿವುಟಿದಳು, ಕ್ಯಾಮೆರಾ ಮೇಲಕ್ಕೆ ತಿರುಗಿತು. ಆ ಮದುವೆಯ ವಿಡಿಯೋದಲ್ಲಿ ಈಗಲೂ ಗಂಟೆ ಬಾರಿಸುವ ಹೊತ್ತಿಗೆ ಚರ್ಚಿನ ಮಾಡು ಮಾತ್ರ ಕಾಣುತ್ತದೆ. ಹುಡುಗಿಯ ಮನೆಯವರು ಕೂಗಾಡಿದರು. ಅತ್ತೆ ಒಂದು ಮಾತೂ ಕ್ಷಮೆ ಕೇಳಲಿಲ್ಲ.

ಹೋದ ವರ್ಷ ಅವಳ ಮೊಣಕಾಲುಗಳೇ ಕೈಕೊಟ್ಟವು. ತೀರ್ಥಹಳ್ಳಿಯ ಡಾಕ್ಟರು ಇನ್ನು ಮೊಣಕಾಲು ಊರಲೇಬಾರದು ಎಂದರು. ಫಾದರ್ ತಾವೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮುಂದಿನ ಸಾಲಿನಲ್ಲಿಟ್ಟರು. ಅತ್ತೆ ಒಳಗೇ ಬರಲಿಲ್ಲ. ಹೊರಗೆ, ನಾವು ಚಪ್ಪಲಿ ಬಿಡುವ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಪರಮಪ್ರಸಾದ ಸ್ವೀಕರಿಸಲಿಕ್ಕೂ ಏಳಲಿಲ್ಲ. ಫಾದರ್ ಅದನ್ನು ಅಲ್ಲಿಗೇ ತಂದರೆ ತಲೆ ಅಲ್ಲಾಡಿಸಿಬಿಟ್ಟಳು. ಹೀಗೆ ಆರು ಭಾನುವಾರ. ಆ ಪ್ರಸಾದಕ್ಕಾಗಿಯೇ ವಾರವೆಲ್ಲ ಬದುಕುತ್ತಿದ್ದವಳು ದಿನದಿನಕ್ಕೆ ಸೊರಗುವುದು ನಮಗೆಲ್ಲ ಕಾಣುತ್ತಿತ್ತು. ಹೇಳಿ ಹೇಳಿ ನನ್ನ ಬಾಯಿ ನೋಯಿತು.

ಆರನೆಯ ಭಾನುವಾರ ನನ್ನ ತಾಳ್ಮೆ ಕೆಟ್ಟಿತು.

"ಒಳಗ್ ಬರಕ್ಕೆ ಎಂತ ಕಷ್ಟ ಅತ್ತೆ ನಿಮ್ಗೆ?"

"ಅವ್ನು ಬಂದಾಗ ಕುರ್ಚಿ ಮೇಲೆ ಕೂತ್ಕಂಡಿರ್ಲಾ? ನಾನೇನು ಸಿನಿಮಾಕ್ಕೆ ಬಂದೀನಾ?"

"ಡಾಕ್ಟ್ರು ಹೇಳಿದ್ದು ದೇವ್ರಿಗೆ ಗೊತ್ತಿಲ್ವಾ?"

"ಅವ್ನಿಗೆ ಗೊತ್ತು. ನಂಗೆ ನಾಚ್ಕೆ."

"ಹಂಗಾರೆ ನೀವು ಇಷ್ಟ್ ವರ್ಷ ಕೈ ಮುಗ್ದಿದ್ದು ನಿಮ್ಮ ಮೊಣಕಾಲಿಗಾ, ದೇವ್ರಿಗಾ?"

ಆಡಬಾರದ ಮಾತು. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಮನೆಗೆ ಹೋದಳು. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ನನ್ನ ಮೇಲೆ ಸಿಟ್ಟು, ಅವಳ ಹಟದ ಮೇಲೆ ಸಿಟ್ಟು. ನಿಜ ಹೇಳಬೇಕೆಂದರೆ ದೇವರ ಮೇಲೂ ಸಿಟ್ಟು ಬಂದಿತ್ತು. ಗಂಟೆ ಬಾರಿಸಿದರೂ ಆಕಳಿಸುವ ನಮಗೆಲ್ಲ ಗಟ್ಟಿ ಕಾಲು ಕೊಟ್ಟಿದ್ದಾನೆ.

ಮುಂದಿನ ಭಾನುವಾರ ಪೂಜೆ ಶುರುವಾದ ಮೇಲೆ ಅತ್ತೆ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಮುಂದೆ ಹೋಗಿ ಆ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಪಕ್ಕದಲ್ಲೇ ಇದ್ದೆ. ಗಂಟೆ ಬಾರಿಸಿತು. ಎಲ್ಲರೂ ಮೊಣಕಾಲೂರಿದೆವು. ಚರ್ಚಿಗೆ ಚರ್ಚೇ ತಗ್ಗಿದಾಗ ಅವಳೊಬ್ಬಳೇ ಎತ್ತರದಲ್ಲಿ ಉಳಿದಳು. ಅವಳ ಬಲಗೈ ಮೇಲೆದ್ದದ್ದು ಕಂಡಿತು. ಹಳೆಯ ಅಭ್ಯಾಸ, ಇನ್ನು ನನ್ನ ತೋಳಿಗೆ ಬರುತ್ತದೆ ಎಂದುಕೊಂಡೆ.

ಬರಲಿಲ್ಲ. ಅವಳು ತನ್ನ ಎಡತೋಳನ್ನೇ ಚಿವುಟಿಕೊಂಡಿದ್ದಳು. ಗಂಟೆ ನಿಂತರೂ ಉಗುರು ಬಿಡಲಿಲ್ಲ, ಚರ್ಮ ಕೆಂಪಗಾಗಿತ್ತು. ನಾನು ತಡೆಯಲಾರದೆ ಆ ಕೈಯನ್ನು ಹಿಡಿದುಕೊಂಡೆ.

ಅತ್ತೆ ಪೀಠದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಲೂ ಇಲ್ಲ. ಕಣ್ಣು ತುಂಬಿತ್ತು, ದನಿ ಮಾತ್ರ ಹಳೆಯದೇ.

"ನನ್ ಕೈ ಎಂತಕ್ಕೆ ನೋಡ್ತೀಯ? ಅಲ್ಲಿ ನೋಡು."